ಗ್ರೀಕರ ಗರ್ವ ಮತ್ತು ಕಮಲಾ ಆಂಟಿಯ ಬೆಲ್ಲ

ಟೋಸ್ಟಿನ ಮೇಲೆ ಬೆಣ್ಣೆ ಹಚ್ಚಿಕೊಳ್ಳುವ ಕ್ಷುಲ್ಲಕ ಕ್ರಿಯೆಯಲ್ಲಿ ಒಬ್ಬ ಮನುಷ್ಯನ ನಾಗರಿಕತೆಯ ಮಟ್ಟವೇ ನಿರ್ಧಾರವಾಗಿಬಿಡುತ್ತದೆ ಎಂಬುದು ಐವತ್ತು ದಾಟುವವರೆಗೂ ನನಗೆ ತಿಳಿದಿರಲಿಲ್ಲ. ತಿಳಿಸಿಕೊಟ್ಟವಳು ನನ್ನ ಮಗಳು ಅನನ್ಯಾ. ಆಕ್‌ಲೆಂಡಿನಿಂದ ದಕ್ಷಿಣಕ್ಕಿರುವ ಹ್ಯಾಮಿಲ್ಟನ್ ಊರಿನ ಉತ್ತರದ ಅಂಚಿನ ರೊಟೊಟೂನದಲ್ಲಿ, ಒಂದೇ ಅಚ್ಚಿನಿಂದ ತೆಗೆದಂತಿರುವ ಹೊಸ ಮನೆಗಳ ಸಾಲಿನಲ್ಲಿ ನಮ್ಮದೂ ಒಂದು. ಶಾಲೆಯ ಕೊನೆಯ ವರ್ಷದಲ್ಲಿ ಪ್ರಾಚೀನ ಗ್ರೀಸನ್ನು ಒಂದು ವಿಷಯವಾಗಿ ಓದುತ್ತಿರುವ ಈ ಹುಡುಗಿ, ಒಂದು ಬೆಳಗ್ಗೆ ನಾನು ಚಾಕುವಿನ ತುದಿಯಲ್ಲಿ ಬೆಣ್ಣೆ ತೆಗೆಯುವುದನ್ನೇ ನೆಟ್ಟ ನೋಟದಿಂದ ನೋಡುತ್ತಿದ್ದು, "ಅಪ್ಪಾ, ಯು ಆರ್ ಟೋಟಲಿ ಅ ಬಾರ್ಬೇರಿಯನ್" ಎಂದು ತೀರ್ಪು ಕೊಟ್ಟಳು. ಗ್ರೀಕರು ಆಲಿವ್ ಎಣ್ಣೆಯವರಂತೆ. ಬೆಣ್ಣೆಯೇನಿದ್ದರೂ ಅವರ ಉತ್ತರದ ನೆರೆಯವರಾದ ಥ್ರೇಸಿನ ಒರಟರು ತಿನ್ನುವ ಪದಾರ್ಥವಂತೆ. ತಿನ್ನುವುದಿರಲಿ, ಗ್ರೀಕನೊಬ್ಬನ ಮನೆಯಲ್ಲಿ ಬೆಣ್ಣೆ ಇದ್ದರೆ ಅದು ಗಾಯಕ್ಕೆ ಸವರುವ ಮುಲಾಮಾಗಿ ಮಾತ್ರವಂತೆ.

ಬೆಳಗಿನ ಹೊತ್ತು ಯಾರಾದರೂ ಅನಾಗರಿಕ ಎಂದರೆ ಸಿಟ್ಟು ಬರುವುದು ಸಹಜ. ಅದರಲ್ಲೂ ಸತ್ತು ಎರಡು ಸಾವಿರ ವರ್ಷಕ್ಕೂ ಹೆಚ್ಚಾದವರ ಪರವಾಗಿ ಸ್ವಂತ ಮಗಳೇ ಅಂದರೆ ಇನ್ನೂ ಸಹಜ. "ಮತ್ತೇನಂತೆ ನಿನ್ನ ಗ್ರೀಕರದು?" ಎಂದು ಕೇಳಿದೆ. ಕೇಳಬಾರದಿತ್ತು. ಪ್ಯಾಂಟು ಹಾಕುವವರು ಅನಾಗರಿಕರು, ಏಕೆಂದರೆ ಪರ್ಷಿಯನ್ನರು ಪ್ಯಾಂಟು ಹಾಕುತ್ತಿದ್ದರು. ಬಿಯರ್ ಕುಡಿಯುವವರು ಅನಾಗರಿಕರು. ಹಾಲು ಕುಡಿಯುವವರಂತೂ ಸ್ಟೆಪ್ಪಿ ಹುಲ್ಲುಗಾವಲಿನ ಅಲೆಮಾರಿಗಳಿಗೆ ಸಮಾನ. ನಾನು ಆಗ ಆಫೀಸಿಗೆ ಹೊರಟವನು ಪ್ಯಾಂಟಿನಲ್ಲಿದ್ದೆ, ಎದುರಿಗೆ ಹಾಲು ಹಾಕಿದ ಕಾಫಿಯಿತ್ತು, ಫ್ರಿಡ್ಜಿನಲ್ಲಿದ್ದ ಬಿಯರ್ ವಿಚಾರ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಅಂದಿನಿಂದ ನನಗೆ ಗ್ರೀಕರ ಮೇಲೆ ಒಂದು ಬಗೆಯ ವೈಯಕ್ತಿಕ ಹಗೆತನ ಶುರುವಾಯಿತು. ಮಗಳು ಮಲಗಿದ್ದ ಶನಿವಾರದ ಬೆಳಗುಗಳಲ್ಲಿ ಅವಳ ಪಠ್ಯಪುಸ್ತಕವನ್ನು ಓದಿದೆ. ಓದಿದಷ್ಟೂ ಮೈ ಪರಚಿಕೊಳ್ಳುವಂತಾಯಿತು. ಇವರು ಅಕ್ಷರ ಕಲಿತದ್ದು ಫಿನೀಷಿಯನ್ನರಿಂದ. ಕಲಿತ ಮೇಲೆ ಅವರಿಗೆ ಕೊಟ್ಟ ಬಿರುದು ಮೋಸಗಾರರು ಎಂದು. ನಾಣ್ಯ ಟಂಕಿಸುವುದನ್ನು ಕಲಿತದ್ದು ಲಿಡಿಯದವರಿಂದ. ಅವರಿಗೆ ಸಂದ ಹೆಸರು ಸುಖಲೋಲುಪರು. ಈಜಿಪ್ಟಿನ ಮುಂದೆ ನಿಂತು ಬೆರಗಾದರು, ಆದರೂ ಅಲ್ಲಿನವರು ಎಲ್ಲವನ್ನೂ ತಲೆಕೆಳಗಾಗಿ ಮಾಡುವ ಜನ ಎಂದು ನಕ್ಕರು. ಪರ್ಷಿಯನ್ನರು ಮೆತ್ತನೆಯ ಹಾಸಿಗೆಯಲ್ಲಿ ಮಲಗಿ ಗಂಡಸುತನ ಕಳೆದುಕೊಂಡವರು, ದೊರೆಯ ಎದುರು ಅಡ್ಡಬೀಳುವ ಹುಟ್ಟು ಗುಲಾಮರು. ಥ್ರೇಸಿನವರು ಹಚ್ಚೆ ಹಾಕಿಸಿಕೊಂಡ ಕುಡುಕರು. ಆದರೆ ಅಥೆನ್ಸಿನ ಶ್ರೀಮಂತರ ಕೂಸುಗಳನ್ನು ಆಡಿಸುತ್ತಿದ್ದ ದಾದಿಯರು ಅದೇ ಥ್ರೇಸಿನ ಹೆಂಗಸರು. ಊರಿನ ಕಾವಲಿಗೆ ಸಿಥಿಯಾದ ಬಿಲ್ಲುಗಾರರು ಬೇಕು, ಹಬ್ಬದ ನಾಟಕದಲ್ಲಿ ನಗುವುದಕ್ಕೂ ಅವರೇ ಬೇಕು. ಹೋಗಲಿ, ಪರದೇಶದವರನ್ನು ಹಳಿದರು ಎಂದು ಬಿಟ್ಟುಬಿಡೋಣವೆಂದರೆ, ಅದೇ ಭಾಷೆ ಆಡುವ, ಅದೇ ದೇವರಿಗೆ ಕೈಮುಗಿಯುವ ಪಕ್ಕದ ಬಿಯೋಷಿಯದವರನ್ನೂ ಅಥೆನ್ಸಿನವರು ಹಂದಿಗಳೆಂದು ಕರೆದರಲ್ಲ! ಇಷ್ಟೆಲ್ಲ ಮಾಡಿ ಪ್ರಜಾಪ್ರಭುತ್ವ ಕಂಡುಹಿಡಿದವರು ತಾವು ಎಂದು ಪುಸ್ತಕದ ಮುಖಪುಟದಲ್ಲಿ ಅಮೃತಶಿಲೆಯ ಮೂಗು ಎತ್ತಿಕೊಂಡು ನಿಂತಿದ್ದಾರೆ.

ಎಲ್ಲಕ್ಕಿಂತ ನನ್ನನ್ನು ಕೆಣಕಿದ್ದು ಅವರ ದ್ರಾಕ್ಷಾರಸದ ಶಾಸ್ತ್ರ. ಗ್ರೀಕರು ವೈನಿಗೆ ನೀರು ಬೆರೆಸಿಯೇ ಕುಡಿಯುತ್ತಿದ್ದರು. ಅದಕ್ಕೆಂದೇ ದೊಡ್ಡ ಪಾತ್ರೆ, ಬೆರೆಸುವುದಕ್ಕೊಂದು ಹದ, ಆ ಹದವನ್ನು ತೀರ್ಮಾನಿಸುವುದಕ್ಕೊಬ್ಬ ಯಜಮಾನ. ಬೆರೆಸದೆ ಹಾಗೆಯೇ ಕುಡಿಯುವವನು ಪಶು. ಹಾಗೆ ಕುಡಿದರೆ ಹುಚ್ಚು ಹಿಡಿಯುತ್ತದೆ ಎಂದು ನಂಬಿದ್ದರು. ಹೀಗಾದರೆ ನಾನಿರುವ ಈ ದೇಶದ ಗತಿಯೇನು? ವೈನನ್ನು ಹಾಗೆಯೇ ಕುಡಿದು, ಬೆಣ್ಣೆಯನ್ನು ಹಡಗುಗಟ್ಟಲೆ ಜಗತ್ತಿಗೆ ಮಾರಿ, ಬರಿಗಾಲಲ್ಲಿ ಸೂಪರ್‌ಮಾರ್ಕೆಟ್ಟಿಗೆ ನುಗ್ಗುವ ಇಲ್ಲಿನ ಸಜ್ಜನರನ್ನು ಕಂಡರೆ ಗ್ರೀಕನೊಬ್ಬ ಬಂದ ಹಡಗಿನಲ್ಲೇ ತಿರುಗಿ ಹೋಗುತ್ತಿದ್ದ. ಚಳಿಗಾಲದಲ್ಲೂ ಚಡ್ಡಿಯಲ್ಲಿ ಓಡಾಡುತ್ತಾರೆಂಬ ಒಂದೇ ಕಾರಣಕ್ಕೆ ಇವರಿಗೆ ಅರ್ಧ ಅಂಕ ಸಿಗುತ್ತಿತ್ತೇನೋ. ಹಾಗೆಂದು ಇವರೂ ಕಡಿಮೆಯವರಲ್ಲ. ಆಕ್‌ಲೆಂಡಿನವರ ಪ್ರಕಾರ ಬಾಂಬೆ ಹಿಲ್ಸ್ ಎಂಬ ಗುಡ್ಡಗಳ ದಕ್ಷಿಣಕ್ಕೆ ಮನುಷ್ಯಜೀವನವೇ ಇಲ್ಲ. ಆ ದಕ್ಷಿಣದಲ್ಲೇ ಇರುವ ನಮ್ಮ ಪ್ರಕಾರ ಆ ಗುಡ್ಡಗಳ ಉತ್ತರಕ್ಕಿರುವುದು ಟ್ರಾಫಿಕ್ಕೂ ಜಂಬವೂ ಮಾತ್ರ. ಇಬ್ಬರೂ ಸೇರಿ ಆಸ್ಟ್ರೇಲಿಯದವರನ್ನು ಬೈಯುವಾಗ ಮಾತ್ರ ದೇಶ ಒಂದಾಗುತ್ತದೆ.

ಇಷ್ಟು ಹೊತ್ತು ಪರರ ಮಾತಾಯಿತು. ಈಗ ಓದುಗ ಮಹಾಶಯರು ದಯವಿಟ್ಟು ನನ್ನೊಡನೆ ಒಂದು ಅಡುಗೆಮನೆಗೆ ಬರಬೇಕು. ಅಲ್ಲಿ ಬೆರೆಸುವ ವಸ್ತು ನೀರಲ್ಲ, ಬೆಲ್ಲ.

ನಾನು ಮೈಸೂರಿನವನು. ಸಾರಿಗೆ, ಹುಳಿಗೆ, ಗೊಜ್ಜಿಗೆ, ಕೊನೆಗೆ ಸುಮ್ಮನೆ ಒಲೆಯ ಮೇಲೆ ಕುದಿಯುತ್ತಿರುವ ಏನಕ್ಕೇ ಆದರೂ ಒಂದು ಚೂರು ಬೆಲ್ಲ ಹಾಕದಿದ್ದರೆ ಅದು ಪಕ್ವವಾಗಲಿಲ್ಲ ಎಂದು ನಂಬಿದ ವಂಶದವನು. ವಿದ್ಯಾರ್ಥಿಯಾಗಿ ಈ ದೇಶಕ್ಕೆ ಬಂದಾಗ ಆಕ್‌ಲೆಂಡಿನ ಸ್ಯಾಂಡ್ರಿಂಗಮ್ ಬಡಾವಣೆಯ ಒಂದು ಹಳೆಯ ಮನೆಯಲ್ಲಿ ನನಗೆ ಫ್ಲಾಟ್‌ಮೇಟ್ ಆಗಿ ಸಿಕ್ಕವನು ಬಸವರಾಜ, ಬಾಗಲಕೋಟೆಯ ಕಡೆಯವನು. ಅವನಿಗೆ ನೀರು ಕಾಯಿಸಲೂ ಬಾರದು. ಆದ್ದರಿಂದ ಅಡುಗೆ ನನ್ನದು, ಪಾತ್ರೆ ತೊಳೆಯುವುದು ಅವನದು ಎಂದು ಒಪ್ಪಂದವಾಯಿತು. ರಸ್ತೆಯ ಆಚೆ ಬದಿಯ ಭಾರತೀಯ ಅಂಗಡಿಯಿಂದ ಬೆಲ್ಲದ ಅಚ್ಚು ತರುತ್ತಿದ್ದೆ, ಧಾರಾಳವಾಗಿ ಹಾಕುತ್ತಿದ್ದೆ. ಎರಡು ವರ್ಷವೂ ಅವನು ಅನ್ನದ ಮೇಲೆ ಸಾರು ಸುರಿದುಕೊಳ್ಳುವ ಮುಂಚೆ ತಟ್ಟೆಯನ್ನು ದಿಟ್ಟಿಸಿ, "ಇವತ್ತೂ ಪಾಯಸ ಏನೋ?" ಎಂದು ಕೇಳಿಯೇ ಊಟ ಶುರುಮಾಡಿದ. ಆದರೆ ಉಂಡ, ಎರಡೆರಡು ಸಲ ಹಾಕಿಸಿಕೊಂಡು ಉಂಡ. ಆಮೇಲೆ ಅವನಿಗೆ ರೈಲ್ವೆ ಸಿಗ್ನಲ್ ಎಂಜಿನಿಯರ್ ಕೆಲಸ ಸಿಕ್ಕಿ ಆಕ್‌ಲೆಂಡಿನ ದಕ್ಷಿಣದ ಪಾಪಕುರಾದಲ್ಲಿ ಮನೆ ಮಾಡಿದ. ಶಿವಲೀಲಾರನ್ನು ಮದುವೆಯಾಗಿ ಕರೆತಂದ. ಹ್ಯಾಮಿಲ್ಟನ್ ಕಡೆ ಕೆಲಸವಿದ್ದಾಗಲೆಲ್ಲ ನಮ್ಮ ಮನೆಗೆ ಬಂದು, ಶಿವಲೀಲಾ ಕೊಟ್ಟ ಸ್ಟೀಲಿನ ಡಬ್ಬಿಯಲ್ಲಿ ಬ್ಯಾಳಿ ಇಟ್ಟು ಹೋಗುತ್ತಾನೆ. ಬ್ಯಾಳಿ ಎಂದರೆ ಬೆಳ್ಳುಳ್ಳಿಯೂ ಕೆಂಪು ಮಸಾಲೆ ಖಾರವೂ ಬಿದ್ದ ಗಟ್ಟಿ ಬೇಳೆ. ಸಂಜೆ ನಾನು ಆಫೀಸಿನಿಂದ ಬರುವಷ್ಟರಲ್ಲಿ ನನ್ನ ಹೆಂಡತಿ ವಸುಧಾ ಅದನ್ನು ಬಿಸಿ ಮಾಡಿ ಬಡಿಸುತ್ತಾಳೆ. ನಾನು ಬೆರಳು ನೆಕ್ಕಿಕೊಂಡು ತಿಂದು, ಫೋನು ಮಾಡಿ ಶಿವಲೀಲಾರನ್ನು ಹೊಗಳುತ್ತೇನೆ.

ನಮ್ಮೂರಿನ ಕನ್ನಡ ಬಳಗ ಪ್ರತಿ ನವೆಂಬರಿನಲ್ಲಿ ರಾಜ್ಯೋತ್ಸವ ಮಾಡುತ್ತದೆ. ಹರಿದು ಹಂಚಿಹೋಗಿದ್ದ ಕನ್ನಡ ಸೀಮೆಗಳು ಒಂದಾದುದರ ಹಬ್ಬ. ಧ್ವಜ, ನಾಡಗೀತೆ, ಇಂಗ್ಲಿಷಿನಲ್ಲಿ ಪಿಸುಗುಟ್ಟುವ ಮಕ್ಕಳಿಂದ ಕನ್ನಡದಲ್ಲಿ ಹಾಡು, ಆಮೇಲೆ ಪ್ರತಿ ಮನೆಯವರೂ ಒಂದೊಂದು ಅಡುಗೆ ತಂದು ಹಂಚಿಕೊಳ್ಳುವ ಊಟ. ಯಾರು ಏನು ತರಬೇಕೆಂದು ಹೇಳುವುದು ಕಮಲಾ ಆಂಟಿ. ಅವರೂ ಮೈಸೂರಿನವರು, ಬಹಳ ಒಳ್ಳೆಯವರು, ಯಾರ ಮನೆಯಲ್ಲಿ ಬಾಣಂತಿಯಿದ್ದರೂ ಕರೆಯದೆಯೇ ಹೋಗಿ ಅಡುಗೆ ಮಾಡಿಕೊಟ್ಟು ಬರುವವರು. ಅವರು ಒಬ್ಬರಿಗೆ ಪುಳಿಯೋಗರೆ, ಒಬ್ಬರಿಗೆ ಬಿಸಿಬೇಳೆಬಾತು, ಒಬ್ಬರಿಗೆ ಮೊಸರನ್ನ ಎಂದು ಹಂಚಿ, ಬಸವರಾಜನ ಮನೆಯವರಿಗೆ ಮಾತ್ರ ಪ್ರತಿವರ್ಷ ಪೇಪರ್ ಪ್ಲೇಟೂ ಚಮಚವೂ ತರಲು ಹೇಳುತ್ತಿದ್ದರು. ಕೇಳಿದರೆ, "ಅವ್ರದ್ದು ತುಂಬಾ ಖಾರ ಕಣಪ್ಪ, ಮಕ್ಳು ತಿನ್ನಲ್ಲ. ದೂರದಿಂದ ಬೇರೆ ಬರ್ತಾರೆ, ಪಾಪ" ಎನ್ನುತ್ತಿದ್ದರು. ಆ 'ಪಾಪ' ಎಂಬ ಮಾತಿನಲ್ಲಿ ಕಪಟವಿರಲಿಲ್ಲ, ಅದೇ ತೊಂದರೆ. ಗ್ರೀಕರಾದರೂ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದರು.

ಈ ವರ್ಷ ಬಸವರಾಜ ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿಬಿಟ್ಟ. "ನಾ ಏನ್ ಪ್ಲೇಟಿನ ಅಂಗಡಿ ಇಟ್ಟೀನೇನೋ? ಈ ಸಲಾನೂ ಪ್ಲೇಟ ಅಂದ್ರ ನಾವು ಬರಂಗಿಲ್ಲ. ಮುಂದ ಎಂದೂ ಬರಂಗಿಲ್ಲ. ನಮ್ಮಾಕಿ ಒಳಗೊಳಗ ಭಾಳ ಮರಗತಾಳ." ಅವನು ತಮಾಷೆ ಮಾಡದೆ ಮಾತಾಡುವುದು ಅಪರೂಪ. ನನಗೆ ಹೆದರಿಕೆಯಾಯಿತು. ಈ ದೇಶದಲ್ಲಿ ನನಗೆ ಸಹೋದ್ಯೋಗಿಗಳಿದ್ದಾರೆ, ನೆರೆಯವರಿದ್ದಾರೆ, ವಾಟ್ಸಾಪ್ ಗುಂಪಿನ ಬಂಧುಗಳಿದ್ದಾರೆ. ಏಕವಚನದಲ್ಲಿ ಬೈಯುವ ಗೆಳೆಯ ಅವನೊಬ್ಬನೇ. ಬಳಗದ ಸಭೆಗೆ ಹೋದೆ. ಗ್ರೀಕರನ್ನು ಓದಿದ ಬಿಸಿ ಇನ್ನೂ ಆರಿರಲಿಲ್ಲವಾದ್ದರಿಂದ ಥ್ರೇಸ್, ಸಿಥಿಯಾ, ಪರ್ಷಿಯಗಳನ್ನೆಲ್ಲ ಎಳೆದು ತಂದು ಒಂದು ಉಪನ್ಯಾಸವನ್ನೇ ಬಿಗಿದೆ. ತಮ್ಮ ಮೂಗಿನ ನೇರಕ್ಕೆ ಲೋಕವನ್ನು ಅಳೆದ ಆ ಜನಕ್ಕೂ ನಮಗೂ ಏನು ವ್ಯತ್ಯಾಸ ಎಂದು ಕೇಳಿದೆ. ಶಿವಲೀಲಾರ ಬ್ಯಾಳಿಯನ್ನು ವರ್ಷಾನುಗಟ್ಟಲೆ ಉಂಡವನು ನಾನು, ಅದರಲ್ಲಿ ಮಕ್ಕಳು ಅಳುವಂಥ ಖಾರವೇನೂ ಇಲ್ಲ, ಅದರಷ್ಟು ಹದವಾದ ಪದಾರ್ಥವನ್ನು ಮೈಸೂರಿನಲ್ಲೂ ಉಂಡಿಲ್ಲ ಎಂದು ಮೇಜು ಕುಟ್ಟಿ ಹೇಳಿದೆ. ಕಮಲಾ ಆಂಟಿ, "ಸರಿ, ತರ್ಲಿ ಬಿಡು. ಅದಕ್ಯಾಕೆ ಇಷ್ಟು ಕೂಗಾಡ್ತೀಯ?" ಎಂದರು. ನಾನು ಗೆದ್ದೆ ಎಂದುಕೊಂಡೆ.

ರಾಜ್ಯೋತ್ಸವದ ದಿನ ಬಸವರಾಜ ತನ್ನ ಯೂಟ್ ಎಂಬ ಪಿಕಪ್ ಗಾಡಿಯ ಹಿಂಬದಿಯ ತೊಟ್ಟಿಯಲ್ಲಿ ಟವೆಲ್ ಸುತ್ತಿದ ದೊಡ್ಡ ಪಾತ್ರೆಯನ್ನು ಹಗ್ಗದಿಂದ ಬಿಗಿದು, ಬಾಂಬೆ ಹಿಲ್ಸ್ ದಾಟಿಸಿ, ಹೆದ್ದಾರಿಯುದ್ದಕ್ಕೂ ಮೆಲ್ಲಗೆ ಓಡಿಸಿಕೊಂಡು ಬಂದ. ಶಿವಲೀಲಾ ಇಳಕಲ್ ಸೀರೆ ಉಟ್ಟಿದ್ದರು. ಪಾತ್ರೆಯನ್ನು ತಾವೇ ಹಿಡಿದು, ಬಳಗ ಬಾಡಿಗೆಗೆ ಹಿಡಿದಿದ್ದ ಹಾಲ್‌ನ ಅಡುಗೆಮನೆಗೆ ತಂದು ಒಲೆಯ ಮೇಲಿಟ್ಟು, ಸಣ್ಣ ಉರಿ ಮಾಡಿ, ಮುಚ್ಚಳ ಸರಿಪಡಿಸಿ, ನಾಡಗೀತೆಗೆಂದು ಒಳಗೆ ಹೋದರು. ಅವರ ಮುಖದಲ್ಲಿದ್ದ ಸಂತೋಷ ನೋಡಿ ನನಗೆ ನನ್ನ ಉಪನ್ಯಾಸದ ಬಗ್ಗೆ ಇನ್ನಷ್ಟು ಅಭಿಮಾನ ಹುಟ್ಟಿತು.

ನೀರಿನ ಜಗ್ಗು ತುಂಬಿಸಲು ಅಡುಗೆಮನೆಗೆ ಹೋದವನು ಬಾಗಿಲಲ್ಲೇ ನಿಂತೆ. ಕಮಲಾ ಆಂಟಿ ಬ್ಯಾಳಿಯ ಮುಚ್ಚಳ ತೆಗೆದು, ಸೌಟಿನಿಂದ ಒಂದು ಹನಿ ಅಂಗೈಗೆ ಹಾಕಿಕೊಂಡು, ನಾಲಿಗೆಗೆ ಮುಟ್ಟಿಸಿ, ಕಣ್ಣು ಮುಚ್ಚಿ ತಲೆ ಕೊಡವಿದರು. ಆಮೇಲೆ ತಮ್ಮ ಕೈಚೀಲದ ಜಿಪ್ ಎಳೆದು, ಪ್ಲಾಸ್ಟಿಕ್ ಚೀಲದಲ್ಲಿ ಭದ್ರವಾಗಿದ್ದ ಬೆಲ್ಲದ ಒಂದು ದೊಡ್ಡ ಉಂಡೆಯನ್ನು ತೆಗೆದು ಪಾತ್ರೆಗೆ ಇಳಿಬಿಟ್ಟರು. ನಾನು ಬಾಯಿ ತೆರೆಯುವಷ್ಟರಲ್ಲಿ ಅದು ಮುಳುಗಿಹೋಗಿತ್ತು.

"ಆಂಟೀ, ಏನ್ ಮಾಡಿದ್ರಿ?"

"ಒಂಚೂರು ಬೆಲ್ಲ ಹಾಕ್ದೆ ಅಷ್ಟೇ ಕಣೋ. ಪಾಪ, ಅಷ್ಟು ದೂರದಿಂದ ಹೊತ್ಕೊಂಡ್ ಬಂದಿದಾಳೆ, ಯಾರೂ ಮುಟ್ದೆ ಹೋದ್ರೆ ಅವಳಿಗೆ ಬೇಜಾರಾಗಲ್ವಾ? ನೀನೇನೂ ಹೇಳ್ಬೇಡ."

ತಲೆ ಚಚ್ಚಿಕೊಳ್ಳಬೇಕೆನಿಸಿತು. ಪರರ ಮನೆಯ ಪಾತ್ರೆಗೆ ಕೈ ಹಾಕಿ, ಅದನ್ನು ಉಪಕಾರವೆಂದು ಪ್ರಾಮಾಣಿಕವಾಗಿ ನಂಬುವ ಈ ಮಹಾಪರಾಧವನ್ನು ನಮ್ಮವರಲ್ಲದೆ ಇನ್ನಾರು ಮಾಡಬಲ್ಲರು? ಬೈಯೋಣವೆಂದರೆ ಅನನ್ಯಾ ಹುಟ್ಟಿದಾಗ ನಮ್ಮ ಮನೆಗೆ ಬಂದು ತಿಂಗಳುಗಟ್ಟಲೆ ಮೆಣಸಿನ ಸಾರು ಮಾಡಿಹಾಕಿದ ಕೈ ಅದು. ಬೆಲ್ಲವನ್ನು ಹೊರತೆಗೆಯುವ ವಿದ್ಯೆಯನ್ನು ಗ್ರೀಕರೂ ಕಂಡುಹಿಡಿದಿಲ್ಲ. ಶಿವಲೀಲಾರಿಗೆ ಹೇಳೋಣವೆಂದರೆ ವೇದಿಕೆಯ ಮೇಲೆ ಮಕ್ಕಳು ನಾಡಗೀತೆ ಆರಂಭಿಸಿದ್ದರು, ಎಲ್ಲರೂ ಎದ್ದು ನಿಂತಿದ್ದರು. ಹೀಗೆ ಅಸಹಾಯಕನಾಗಿ, ಒಂದು ಕೈಯಲ್ಲಿ ಖಾಲಿ ಜಗ್ಗು ಹಿಡಿದುಕೊಂಡೇ ನಾನೂ ಕನ್ನಡ ನಾಡಿನ ಏಕತೆಗೆ ಗೌರವ ಸಲ್ಲಿಸಿದೆ.

ಊಟ ಶುರುವಾದದ್ದೇ ತಡ, ಬ್ಯಾಳಿಯ ಮುಂದೆ ಸಾಲು ಬೆಳೆಯಿತು. ಉಂಡವರೆಲ್ಲ ಹೊಗಳುವವರೇ. "ನಿಮ್ ಕಡೆ ಅಡುಗೆ ಇಷ್ಟ್ ಚೆನ್ನಾಗಿರತ್ತೆ ಅಂತ ಗೊತ್ತೇ ಇರ್ಲಿಲ್ಲ!" ಎಂದು ಒಬ್ಬರು ಶಿವಲೀಲಾರ ಕೈ ಹಿಡಿದು ಕುಲುಕಿದರು. "ರೆಸಿಪಿ ಗ್ರೂಪಿಗೆ ಹಾಕಿ" ಎಂದು ಇನ್ನೊಬ್ಬರು. ಶಿವಲೀಲಾ ನಗುತ್ತಲೇ ತಟ್ಟೆಗೆ ಒಂದು ಚಮಚ ಬಡಿಸಿಕೊಂಡು ಬಾಯಿಗಿಟ್ಟರು. ನಾನು ಆ ಮುಖವನ್ನೇ ನೋಡುತ್ತಿದ್ದೆ. ನಗು ಹಾಗೆಯೇ ಇತ್ತು; ಆದರೆ ಎರಡನೆಯ ಚಮಚ ಮೇಲೇಳಲಿಲ್ಲ. ಸ್ವಲ್ಪ ಹೊತ್ತಿಗೆ ತಟ್ಟೆಯನ್ನು ಮೇಜಿನ ಮೇಲಿಟ್ಟು, ಸೆರಗು ಸರಿಮಾಡಿಕೊಂಡು ಹೊರಗೆ ಹೋದರು. ಬಸವರಾಜನೂ ಹಿಂದೆಯೇ ಹೋದ.

ಮುಗಿಯಿತು, ಇಬ್ಬರೂ ಮನೆಗೆ ಹೊರಟರು, ಇನ್ನು ಎಂದೂ ಬರುವುದಿಲ್ಲ ಎಂದು ನಾನು ಕಾರ್ ಪಾರ್ಕಿಗೆ ಓಡಿದೆ. ನೋಡಿದರೆ ಯೂಟ್‌ನ ಹಿಂಬಾಗಿಲನ್ನು ಇಳಿಸಿ, ಅದನ್ನೇ ಮೇಜು ಮಾಡಿಕೊಂಡು, ಗಂಡ ಹೆಂಡತಿ ಊಟಕ್ಕೆ ನಿಂತಿದ್ದರು. ಬಟ್ಟೆಯಲ್ಲಿ ಸುತ್ತಿದ ಜೋಳದ ರೊಟ್ಟಿ, ಒಂದು ಸ್ಟೀಲಿನ ಡಬ್ಬಿ. ಡಬ್ಬಿಯಲ್ಲಿ ಬ್ಯಾಳಿ. ಇದು ಕೆಂಪಗಿತ್ತು.

"ಶಿವಲೀಲಾ, ಒಳಗಿನ ಬ್ಯಾಳಿಗೆ ಬೆಲ್ಲ ಬಿದ್ದಿದೆ" ಎಂದೆ. ಏದುಸಿರು ಬರುತ್ತಿತ್ತು. "ನಾನು ಬೇಡ ಅನ್ನುವಷ್ಟರಲ್ಲಿ ಕಮಲಾ ಆಂಟಿ ಹಾಕಿಬಿಟ್ಟರು. ತುಂಬ ತಪ್ಪಾಯಿತು."

"ಹಾಕ್ತಾರಂತ ಗೊತ್ತಿತ್ರೀ ಅಣ್ಣಾರ. ಅದಕ್ಕ ನಮಗಂತ ಬ್ಯಾರೆ ತೆಗೆದಿಟ್ಕೊಂಡು ಬಂದೀನಿ" ಎಂದರು ಶಾಂತವಾಗಿ.

"ಗೊತ್ತಿತ್ತೇ? ಹೇಗೆ?"

ಶಿವಲೀಲಾ ಗಂಡನ ಮುಖ ನೋಡಿದರು. ಅವನು ರೊಟ್ಟಿ ಮುರಿಯುವುದರಲ್ಲಿ ಮಗ್ನನಾಗಿದ್ದ. "ನಿಮ್ಮ ಮನಿಯಾಗೂ ಹಂಗ ಅಲ್ರೀ? ನಾ ಕಳಿಸಿದ ಬ್ಯಾಳಿ ಬಿಸಿ ಮಾಡುವಾಗ ವಸುಧಾ ಅಕ್ಕಾರು ಬೆಲ್ಲ ಹಾಕೇ ಹಾಕ್ತಾರಂತ. ಅನನ್ಯಾ ಹೇಳ್ಯಾಳ, ಯಾವಾಗೋ. ನೀವು ಫೋನ್ ಮಾಡಿ ಭಾಳ ಛಲೋ ಆಗೇತಿ ಅಂತಿದ್ರಿ. ನನಗ ನಗೂನೂ ಬರ್ತಿತ್ತು, ಸಂಕಟಾನೂ ಆಗ್ತಿತ್ತು."

ನಾನು ಯೂಟ್‌ನ ಅಂಚು ಹಿಡಿದುಕೊಂಡೆ. ಸಭೆಯಲ್ಲಿ ಕುಟ್ಟಿದ ಮೇಜು, ಎಳೆದು ತಂದ ಥ್ರೇಸು, ಗ್ರೀಕರ ಮೇಲೆ ಕಾರಿದ ಕೆಂಡ ಎಲ್ಲವೂ ಒಟ್ಟಿಗೆ ನೆನಪಾಗಿ ಕಿವಿ ಬಿಸಿಯಾಯಿತು. ಯಾರ ಅಡುಗೆಯ ಪರವಾಗಿ ವಕಾಲತ್ತು ವಹಿಸಿದ್ದೆನೋ ಆ ಅಡುಗೆಯನ್ನು ನಾನು ಒಂದು ದಿನವೂ ಉಂಡೇ ಇರಲಿಲ್ಲ. ಪಾಪಕುರಾಕ್ಕೆ ಹೋದಾಗಲಾದರೂ ಉಂಡಿದ್ದೇನೆಯೇ ಎಂದು ಯೋಚಿಸಿದೆ. ಅಲ್ಲಿಯೂ ಇಲ್ಲ, ನಾವು ಹೋದ ದಿನವೆಲ್ಲ ಅವರು ಮೈಸೂರಿನ ಅತಿಥಿಗಳಿಗೆಂದು ಪೂರಿ, ಸಾಗು, ಶಾವಿಗೆ ಪಾಯಸ ಮಾಡಿರುತ್ತಿದ್ದರು.

ವಸುಧಾ ಇದನ್ನು ಗುಟ್ಟು ಮಾಡಿದವಳಲ್ಲ. ಕೇಳಿದ್ದರೆ, ಹೌದು ಹಾಕುತ್ತೇನೆ, ಎಲ್ಲದಕ್ಕೂ ಹಾಕುವುದಿಲ್ಲವೇ ಎನ್ನುತ್ತಿದ್ದಳು. ಕೇಳಬೇಕೆಂದು ನನಗೆ ತೋಚಿರಲಿಲ್ಲ, ಅಷ್ಟೇ. ಬೆಲ್ಲದ ರುಚಿ ನನಗೆ ಬೆಲ್ಲದ ರುಚಿಯಾಗಿ ತಿಳಿಯುವುದೇ ಇಲ್ಲ. ಅದು ಬರಿಯ ರುಚಿ ಎಂದೇ ತಿಳಿಯುತ್ತದೆ. ನೀರು ಬೆರೆಸಿದ ವೈನನ್ನು ಗ್ರೀಕರು ಸುಮ್ಮನೆ ವೈನು ಎಂದೇ ಕರೆಯುತ್ತಿದ್ದರೆಂದು ಓದಿದಾಗ ಎಷ್ಟು ರೇಗಿಹೋಗಿತ್ತು ನನಗೆ!

"ನನಗೂ ಕೊಡಿ" ಎಂದೆ.

ಶಿವಲೀಲಾ ಒಂದು ಕ್ಷಣ ಅನುಮಾನಿಸಿದರು. ಬಸವರಾಜ ರೊಟ್ಟಿಯ ತುಂಡೊಂದರ ಮೇಲೆ ಬ್ಯಾಳಿ ಹಾಕಿ ನನ್ನ ಕೈಗಿಟ್ಟ. ಬಾಯಿಗಿಟ್ಟೆ. ಮೊದಲು ಬೆಳ್ಳುಳ್ಳಿ ಗೊತ್ತಾಯಿತು, ಆಮೇಲೆ ಏನೂ ಗೊತ್ತಾಗಲಿಲ್ಲ. ಕಿವಿಯಿಂದ ಹೊಗೆ ಬಂದಂತಾಯಿತು, ಮೂಗು ಸೋರಿತು, ಕಣ್ಣಲ್ಲಿ ನೀರು ತುಂಬಿ ಎದುರಿಗಿದ್ದ ಇಬ್ಬರೂ ನಾಲ್ವರಾಗಿ ಕಂಡರು. ಒಂದು ಚೂರು ಬೆಲ್ಲವಿದ್ದಿದ್ದರೆ ಎಂದು ನನ್ನ ನಾಲಿಗೆ, ನಾಚಿಕೆಯಿಲ್ಲದ ಆ ಮೈಸೂರು ನಾಲಿಗೆ, ಮೊರೆಯಿಟ್ಟಿತು.

"ಹೆಂಗೈತ್ರೀ ಅಣ್ಣಾರ?" ಎಂದರು ಶಿವಲೀಲಾ.

ಫೋನಿನಲ್ಲಿ ಇಷ್ಟು ವರ್ಷ ಹೇಳಿದ ಮಾತುಗಳಾವುವೂ ಉಪಯೋಗಕ್ಕೆ ಬರುವಂತಿರಲಿಲ್ಲ. ಅವೆಲ್ಲ ಬೇರೆ ಪದಾರ್ಥಕ್ಕೆ ಖರ್ಚಾಗಿ ಹೋಗಿದ್ದವು. "ತುಂಬಾ ಖಾರ" ಎಂದೆ. "ತಡೆಯೋಕೆ ಆಗ್ತಾ ಇಲ್ಲ."

ಅವರು ಗಟ್ಟಿಯಾಗಿ ನಕ್ಕರು. ಸ್ವಲ್ಪ ಮುಂಚೆ ಹಾಲ್‌ನೊಳಗೆ ನಕ್ಕ ನಗುವಲ್ಲ ಇದು. "ಹೌದಲ್ರೀ? ಖಾರನ ಐತಿ. ಇವತ್ತ ಖರೇ ಹೇಳಿದ್ರಿ ನೋಡ್ರಿ."

ಬಸವರಾಜ ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ ಹೇಳಿದ: "ನಿನ್ನ ಕೈಯಾಗ ಎರಡು ವರ್ಷ ಪಾಯಸ ಉಂಡೀನೋ ನಾ. ನೀ ನಮ್ಮನಿ ಊಟ ಉಂಡದ್ದು ಇದ ಮೊದಲನೇ ಸಲ. ಅದೂ ಕಾರ್ ಪಾರ್ಕಿನ್ಯಾಗ!"

ಹಾಲ್‌ನ ಬಾಗಿಲಲ್ಲಿ ಕಮಲಾ ಆಂಟಿ ಕಾಣಿಸಿಕೊಂಡು, ಪಾತ್ರೆಯ ತಳ ಕಂಡಿತೆಂದೂ, ಮುಂದಿನ ವರ್ಷವೂ ಬ್ಯಾಳಿಯನ್ನೇ ತರಬೇಕೆಂದೂ ಸಂಭ್ರಮದಿಂದ ಕೂಗಿ ಹೇಳಿದರು. ಶಿವಲೀಲಾ ಅವರತ್ತ ಕೈ ಬೀಸಿ, ಆಮೇಲೆ ನನ್ನ ಕಡೆ ತಿರುಗಿದರು.

"ಮುಂದಿನ ವರ್ಷ ನಾವು ಪ್ಲೇಟ ತರ್ತೀವ್ರೀ" ಎಂದರು. "ಬ್ಯಾಳಿ ಬೇಕಂದ್ರ ನೀವು ಪಾಪಕುರಾಕ್ಕ ಬರ್ರಿ. ನಾ ಇನ್ನ ಪೂರಿ ಮಾಡಂಗಿಲ್ಲ."